ಆಟಗಾರ ಯಾರ ಸ್ವತ್ತು? ನೆರೂಳಿನ ಒಂದು ರಾತ್ರಿಯಿಂದ ಹೊರಟ ಪ್ರಶ್ನೆ

2008ರ ಜೂನ್ 1ರ ರಾತ್ರಿ. ನವಿ ಮುಂಬಯಿಯ ನೆರೂಳಿನಲ್ಲಿರುವ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮೊದಲ ಐಪಿಎಲ್‌ನ ಅಂತಿಮ ಪಂದ್ಯ ಕೊನೆಯ ಚೆಂಡಿನವರೆಗೂ ಬಂದಿತ್ತು. ಚೆನ್ನೈ 163 ರನ್ ಹೊಡೆದಿತ್ತು. ಬಾಲಾಜಿ ಎಸೆದ ಕೊನೆಯ ಚೆಂಡಿನಲ್ಲಿ ಸೊಹೈಲ್ ತನ್ವೀರ್ ಗೆಲುವಿನ ರನ್ ತೆಗೆದಾಗ ರಾಜಸ್ಥಾನ ರಾಯಲ್ಸ್ ಮೂರು ವಿಕೆಟ್‌ಗಳಿಂದ ಗೆದ್ದಿತು. ಎಂಟು ತಂಡಗಳಲ್ಲಿ ಅತಿ ಕಡಿಮೆ ಬೆಲೆಗೆ, 6.7 ಕೋಟಿ ಡಾಲರಿಗೆ, ಮಾರಾಟವಾಗಿದ್ದ ತಂಡ ಅದು. ಅತಿ ದುಬಾರಿಯಾಗಿದ್ದ ಮುಂಬಯಿಯ ಬೆಲೆ 11.19 ಕೋಟಿ ಡಾಲರ್, ಅದರ ಬೆನ್ನಿಗೇ ಇದ್ದ ಬೆಂಗಳೂರಿನದು 11.16 ಕೋಟಿ. ಮುಂಬಯಿ ಸೆಮಿಫೈನಲ್ ಮುಟ್ಟಲಿಲ್ಲ. ನಮ್ಮ ಬೆಂಗಳೂರು ಎಂಟರಲ್ಲಿ ಏಳನೆಯದಾಯಿತು.

ಆ ರಾತ್ರಿ ಹಲವರು ಒಂದು ತೀರ್ಮಾನಕ್ಕೆ ಬಂದರು. ಆಟಗಾರರನ್ನು ಮುಕ್ತ ಮಾರುಕಟ್ಟೆಗೆ ಬಿಟ್ಟರೆ ದುಡ್ಡಿದ್ದವರೇ ಗೆಲ್ಲುತ್ತಾರೆ, ಹರಾಜು ಹಾಕಿ ಖರ್ಚಿಗೆ ಮಿತಿ ಕಟ್ಟಿದರೆ ಬಡ ತಂಡವೂ ಗೆಲ್ಲುತ್ತದೆ, ನೋಡಿ ಕಣ್ಣೆದುರಿಗೇ ಸಾಕ್ಷಿ ಎಂದು. ನೋಡುವುದಕ್ಕೆ ಸರಳವಾದ ಮಾತು. ಆದರೆ ಅದರೊಳಗೆ ಎರಡು ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ತಂಡಗಳ ನಡುವಿನ ಪೈಪೋಟಿ ಸಮವಾಗಿರುವುದು ಹೇಗೆ ಎಂಬುದು ಒಂದು. ಆಟಗಾರ ತಾನು ಎಲ್ಲಿ ದುಡಿಯಬೇಕೆಂದು ತಾನೇ ನಿರ್ಧರಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ಕಸಿದುಕೊಂಡ ಕಥೆ ಕ್ರೀಡೆಯ ಚರಿತ್ರೆಯಲ್ಲಿ ಮತ್ತೆಮತ್ತೆ ಬರುತ್ತದೆ. ಈ ವಾರ ಆ ಎರಡನ್ನೂ ಬಿಡಿಸಿ ನೋಡೋಣ.

ದೋಸೆ ಭಟ್ಟರು ಮತ್ತು ಬೇಸ್‌ಬಾಲ್

ಥಾಣೆಯಿಂದ ಕಲ್ಯಾಣದವರೆಗಿನ ಕನ್ನಡಿಗರಿಗೆ ಉಡುಪಿ ಹೋಟೆಲುಗಳ ಲೋಕ ಗೊತ್ತಿರುವುದೇ. ಡೊಂಬಿವಲಿಯ ಒಂದು ಹೋಟೆಲಿನಲ್ಲಿ ದೋಸೆ ಹಾಕುವ ಭಟ್ಟರಿಗೆ ವಾಶಿಯ ಹೋಟೆಲಿನವರು ತಿಂಗಳಿಗೆ ಎರಡು ಸಾವಿರ ಹೆಚ್ಚು ಕೊಡುತ್ತೇವೆಂದರೆ ಅವರು ಗಂಟುಮೂಟೆ ಕಟ್ಟಬಹುದು. ಗಲ್ಲೆಯ ಮೇಲೆ ಕೂತ ಧಣಿ ಮುಖ ಸಿಂಡರಿಸಬಹುದು, ಇನ್ನೂ ಸ್ವಲ್ಪ ಕೊಡುತ್ತೇನೆ ಇರಿ ಎನ್ನಬಹುದು. ಅಷ್ಟೇ. ಈಗ ಹೀಗೆ ಊಹಿಸಿಕೊಳ್ಳಿ: ಊರಿನ ಎಲ್ಲ ಹೋಟೆಲ್ ಧಣಿಗಳು ಕೂತು, ಒಬ್ಬರ ಭಟ್ಟರನ್ನು ಇನ್ನೊಬ್ಬರು ಕರೆಯಕೂಡದು, ಬಿಟ್ಟು ಬಂದವರಿಗೆ ಯಾರೂ ಕೆಲಸ ಕೊಡಕೂಡದು, ಆದರೆ ಧಣಿ ಮನಸ್ಸು ಮಾಡಿದರೆ ಭಟ್ಟರನ್ನು ಇನ್ನೊಂದು ಹೋಟೆಲಿಗೆ ಮಾರಬಹುದು ಎಂದು ಒಪ್ಪಂದ ಮಾಡಿಕೊಂಡರೆ?

ಅಮೆರಿಕದ ಬೇಸ್‌ಬಾಲ್ ಸುಮಾರು ಒಂದು ಶತಮಾನ ಹೀಗೆಯೇ ನಡೆಯಿತು. 1879ರಲ್ಲಿ ತಂಡಗಳ ಒಡೆಯರು ಮೊದಲು ಐದೈದು ಆಟಗಾರರನ್ನು ಹೀಗೆ ಕಾದಿರಿಸಿಕೊಂಡರು. ಆಮೇಲೆ ಅದು ಎಲ್ಲರಿಗೂ ಹಬ್ಬಿತು. ಒಪ್ಪಂದ ಒಂದೇ ವರ್ಷದ್ದು; ಆದರೆ ಆಟಗಾರ ಸಹಿ ಹಾಕದಿದ್ದರೂ ಇನ್ನೊಂದು ವರ್ಷಕ್ಕೆ ನವೀಕರಿಸುವ ಹಕ್ಕು ತಂಡದ್ದು. ನವೀಕರಿಸಿದ ಒಪ್ಪಂದದಲ್ಲೂ ಅದೇ ಸಾಲು ಇರುತ್ತದೆ, ಆದ್ದರಿಂದ ಮತ್ತೂ ಒಂದು ವರ್ಷ, ಮತ್ತೂ ಒಂದು ವರ್ಷ. ಸಾಯುವವರೆಗೆ ಎನ್ನುವುದನ್ನು ಒಂದೊಂದೇ ವರ್ಷವಾಗಿ ಬರೆದ ಹಾಗೆ.

1969ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನು ಫಿಲಡೆಲ್ಫಿಯಾಕ್ಕೆ ದಾಟಿಸಿತು. ಹನ್ನೆರಡು ವರ್ಷ ಒಂದೇ ಊರಿನಲ್ಲಿ ಆಡಿದವನು. ನನ್ನನ್ನು ಕೇಳದೆ ಮಾರುವುದಕ್ಕೆ ನಾನು ಸಾಮಾನೇ ಎಂದು ಆತ ಹೋಗಲೊಪ್ಪದೆ ನ್ಯಾಯಾಲಯದ ಮೆಟ್ಟಿಲೇರಿದ. 1972ರಲ್ಲಿ ಸುಪ್ರೀಂ ಕೋರ್ಟು 5-3ರಿಂದ ಆತನ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆತನ ಆಟದ ಬದುಕು ಮುಗಿದಿತ್ತು. ಮೂರು ವರ್ಷಗಳ ನಂತರ, 1975ರ ಡಿಸೆಂಬರ್ 23ರಂದು, ಆಂಡಿ ಮೆಸರ್ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಎಸೆತಗಾರರ ವ್ಯಾಜ್ಯದಲ್ಲಿ ಮಧ್ಯಸ್ಥ ಪೀಟರ್ ಸೈಟ್ಸ್ ಆ ಸಾಲನ್ನು ಅದು ಬರೆದಿರುವಂತೆಯೇ ಓದಿದ. ಒಂದು ವರ್ಷ ಎಂದರೆ ಒಂದೇ ವರ್ಷ; ಅದು ಮುಗಿದ ಮೇಲೆ ಆಟಗಾರ ಸ್ವತಂತ್ರ. ಫ್ರೀ ಏಜೆನ್ಸಿ ಎಂದು ಕರೆಯುವ ವ್ಯವಸ್ಥೆಗೆ ಬಾಗಿಲು ತೆರೆದದ್ದು ಹೀಗೆ.

ಒಡೆಯರು ಗಾಬರಿಗೊಂಡರು. ನ್ಯೂಯಾರ್ಕಿನಂಥ ದೊಡ್ಡ ಊರಿನವರು ಎಲ್ಲ ಒಳ್ಳೆಯ ಆಟಗಾರರನ್ನು ಬಾಚಿಕೊಳ್ಳುತ್ತಾರೆ, ಆಟ ಸತ್ತುಹೋಗುತ್ತದೆ ಎಂದರು. ಈ ಭಯಕ್ಕೆ ಚರಿತ್ರೆ ಕೊಟ್ಟ ಉತ್ತರ ಕುತೂಹಲದ್ದು. ಆಟಗಾರರು ಕಟ್ಟಿಹಾಕಲ್ಪಟ್ಟಿದ್ದ ಕಾಲದಲ್ಲಿ, 1921ರಿಂದ 1964ರವರೆಗಿನ 44 ವರ್ಷಗಳಲ್ಲಿ, ನ್ಯೂಯಾರ್ಕ್ ಯಾಂಕೀಸ್ 29 ಸಲ ತನ್ನ ಲೀಗ್ ಗೆದ್ದಿತ್ತು, 20 ಸಲ ಒಟ್ಟು ಚಾಂಪಿಯನ್ ಆಗಿತ್ತು. ಬಾಗಿಲು ತೆರೆದ ಮೇಲೆ, 1978ರಿಂದ 1987ರವರೆಗಿನ ಹತ್ತು ವರ್ಷಗಳಲ್ಲಿ, ಹತ್ತು ಬೇರೆಬೇರೆ ತಂಡಗಳು ಚಾಂಪಿಯನ್ ಆದವು.

ಇದನ್ನು ಮೊದಲೇ ಊಹಿಸಿದ್ದವರೊಬ್ಬರಿದ್ದರು. ಅರ್ಥಶಾಸ್ತ್ರಜ್ಞ ಸೈಮನ್ ರಾಟನ್‌ಬರ್ಗ್ 1956ರ ಲೇಖನವೊಂದರಲ್ಲಿ ಹೇಳಿದ್ದರ ಸಾರ ಇಷ್ಟು: ಆಟಗಾರನ ಮೇಲಿನ ಹಕ್ಕು ಯಾರ ಕೈಯಲ್ಲಿದ್ದರೂ ಆತ ಕೊನೆಗೆ ಹೋಗಿ ಸೇರುವುದು ತನ್ನಿಂದ ಹೆಚ್ಚು ಗಳಿಕೆ ಹುಟ್ಟುವ ಊರಿಗೇ. ಹಕ್ಕು ಆತನದೇ ಆದರೆ ಆ ಗಳಿಕೆಯ ದೊಡ್ಡ ಪಾಲು ಆತನಿಗೆ ಸಿಗುತ್ತದೆ, ಒಡೆಯನದಾದರೆ ಒಡೆಯನಿಗೆ. ಬೇಬ್ ರೂತ್‌ನ ಕಥೆ ನೆನಪಿಸಿಕೊಳ್ಳಿ. ಆಟಗಾರರನ್ನು ಬಿಗಿಯಾಗಿ ಕಟ್ಟಿದ್ದ ಕಾಲದಲ್ಲೇ ಬಾಸ್ಟನ್ ತಂಡದ ಒಡೆಯ 1920ರ ಹೊಸ್ತಿಲಲ್ಲಿ ಆತನನ್ನು ನ್ಯೂಯಾರ್ಕಿಗೆ ಮಾರಿದ. ರೂತ್ ನ್ಯೂಯಾರ್ಕಿಗೆ ಹೋಗುವುದನ್ನು ಆ ಹಗ್ಗ ತಡೆಯಲಿಲ್ಲ, ಹಣ ಯಾರ ಜೇಬಿಗೆ ಹೋಗಬೇಕೆಂಬುದನ್ನು ಮಾತ್ರ ನಿರ್ಧರಿಸಿತು.

ಮಾರುಕಟ್ಟೆಯೇ ಇಲ್ಲದೆ ಹದಿನೈದು ವರ್ಷ

ಬೇಸ್‌ಬಾಲ್ ನಮಗೆ ದೂರದ ಆಟವಾಯಿತು. ಆದರೆ ಯಾಂಕೀಸ್‌ನ ಆ ದೀರ್ಘ ಆಳ್ವಿಕೆಯ ಪಡಿಯಚ್ಚು ನಮ್ಮ ಮನೆಯೊಳಗೇ ಇದೆ. ಆಗಿನ ಹೆಸರಿನಲ್ಲಿ ಬಾಂಬೆ ತಂಡ 1958-59ರಿಂದ 1972-73ರವರೆಗೆ ಬಿಡದೆ ಹದಿನೈದು ಸಲ ರಣಜಿ ಟ್ರೋಫಿ ಗೆದ್ದಿತು. ಆ ಕಾಲದಲ್ಲಿ ಹರಾಜಿಲ್ಲ, ಟಿ.ವಿ. ಹಣವಿಲ್ಲ, ಕೋಟಿಗಳ ಮಾತಂತೂ ಇಲ್ಲವೇ ಇಲ್ಲ. ಆದರೂ ಪೈಪೋಟಿಯ ಸಮತೋಲ ಎಂಬುದು ಹೆಸರಿಗೂ ಇರಲಿಲ್ಲ.

ಕಾರಣ ನಗರವೇ. ಕ್ರಿಕೆಟ್ ಆಡಿ ಹೊಟ್ಟೆ ಹೊರೆಯಲಾಗದ ಕಾಲದಲ್ಲಿ ಆಟಗಾರನಿಗೆ ಬೇಕಾಗಿದ್ದದ್ದು ಒಂದು ನೌಕರಿ. ಮುಂಬಯಿಯಲ್ಲಿ ಬ್ಯಾಂಕುಗಳಿದ್ದವು, ಗಿರಣಿಗಳಿದ್ದವು, ದೊಡ್ಡ ಕಂಪೆನಿಗಳಿದ್ದವು. ಅಜಿತ್ ವಾಡೇಕರ್ ಸ್ಟೇಟ್ ಬ್ಯಾಂಕಿನಲ್ಲಿ, ಸುನಿಲ್ ಗಾವಸ್ಕರ್ ನಿರ್ಲಾನ್‌ನಲ್ಲಿ. ಈ ಕಚೇರಿ ತಂಡಗಳು ಟೈಮ್ಸ್ ಶೀಲ್ಡ್‌ಗಾಗಿ ಒಂದಕ್ಕೊಂದು ಸೆಣಸುತ್ತಿದ್ದವು. ಮಳೆಗಾಲದ ಒದ್ದೆ ಮೈದಾನಗಳಲ್ಲಿ 1948ರಿಂದ ಕಾಂಗಾ ಲೀಗ್ ನಡೆಯುತ್ತಿತ್ತು. ಶಾಲೆಯಿಂದ ಕಾಲೇಜಿಗೆ, ಕಾಲೇಜಿನಿಂದ ಕ್ಲಬ್ಬಿಗೆ, ಅಲ್ಲಿಂದ ಕಚೇರಿಗೆ ಎಂಬ ಏಣಿ ಮುಂಬಯಿಯಷ್ಟು ಗಟ್ಟಿಯಾಗಿ ದೇಶದ ಬೇರೆಲ್ಲೂ ಇರಲಿಲ್ಲ. ಮೇಲಿನ ಹನ್ನೊಂದು ಮಂದಿ ಭಾರತ ತಂಡಕ್ಕೆ ಹೋದರೆ ಕೆಳಗಿನ ಹನ್ನೊಂದು ಮಂದಿ ಬಂದು ರಣಜಿ ಗೆಲ್ಲುವಷ್ಟು ಬಲ ಆ ಏಣಿಗಿತ್ತು.

ಹಾಗಾದರೆ ದುಡ್ಡು ಕೊಟ್ಟು ಆಟಗಾರರನ್ನು ಕರೆಸಿಕೊಂಡರೆ ಈ ಕೋಟೆಯನ್ನು ಒಡೆಯಬಹುದಿತ್ತೇ? ಆ ಪ್ರಯತ್ನವೂ ಆಯಿತು, ಅದೂ ರಾಜಸ್ಥಾನದಿಂದಲೇ. ಉದಯಪುರದ ರಾಜಮನೆತನದ ಆಶ್ರಯದಲ್ಲಿದ್ದ ಆ ತಂಡ ಮುಂಬಯಿಗೆ ಆಡಿ ಹೆಸರು ಮಾಡಿದ್ದ ವಿನೂ ಮಂಕಡ್ ಮತ್ತು ವಿಜಯ್ ಮಂಜ್ರೇಕರ್ ಅವರನ್ನೇ ತನ್ನ ಕಡೆಗೆ ಕರೆತಂದಿತು. ಸಲೀಂ ದುರಾನಿ, ಹನುಮಂತ್ ಸಿಂಗ್ ಕೂಡ ಇದ್ದರು. 1960-61ರಿಂದ 1969-70ರೊಳಗೆ ರಾಜಸ್ಥಾನ ಏಳು ಸಲ ಅಂತಿಮ ಪಂದ್ಯ ತಲುಪಿತು. ಏಳೂ ಸಲ ಎದುರಾಳಿ ಬಾಂಬೆ, ಏಳೂ ಸಲ ಸೋಲು.

ಇದು ನಮ್ಮ ವಾದದ ಮುಖ್ಯ ಕೊಂಡಿ. ಆಟಗಾರರ ಚಲನೆ ರಾಜಸ್ಥಾನವನ್ನು ಮೇಲೆತ್ತಿತು; ಇಲ್ಲದಿದ್ದರೆ ಅದು ಅಂತಿಮ ಪಂದ್ಯದ ಹತ್ತಿರವೂ ಸುಳಿಯುತ್ತಿರಲಿಲ್ಲ. ಆದರೆ ಮೂರ್ನಾಲ್ಕು ಮಂದಿ ದೊಡ್ಡವರು ಬಂದ ಮಾತ್ರಕ್ಕೆ ಒಂದು ಮಹಾನಗರದ ಏಣಿಯನ್ನು ಸರಿಗಟ್ಟಲಾಗಲಿಲ್ಲ.

ಆ ಕೋಟೆ ಕೊನೆಗೂ ಬಿದ್ದದ್ದು ಬೆಂಗಳೂರಿನಲ್ಲಿ, 1973-74ರ ಸೆಮಿಫೈನಲ್‌ನಲ್ಲಿ. 1973ರ ನವೆಂಬರಿನಲ್ಲಷ್ಟೇ ಮೈಸೂರು ರಾಜ್ಯ ಕರ್ನಾಟಕವಾಗಿತ್ತು. ಹೊಸ ಹೆಸರಿನ ಮೊದಲ ವರ್ಷವೇ ಗುಂಡಪ್ಪ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು, ವಾಡೇಕರ್ ಓಡುವಾಗ ಜಾರಿ ರನೌಟಾದರು. ಮೊದಲ ಇನಿಂಗ್ಸ್ ಮುನ್ನಡೆಯಿಂದ ಕರ್ನಾಟಕ ಗೆದ್ದು, ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಎತ್ತಿತು. ಆ ತಂಡ ಆಟಗಾರರನ್ನು ಹೊರಗಿನಿಂದ ತರಲಿಲ್ಲ. ಮುಂಬಯಿಯ ಏಣಿಯಂಥದ್ದೇ ಒಂದು ಬೆಂಗಳೂರಿನಲ್ಲಿ ತಯಾರಾಗಿತ್ತು: ಕ್ಲಬ್ಬುಗಳು, ಕಾಲೇಜುಗಳು, ಕ್ರಿಕೆಟಿಗರಿಗೆ ಕೆಲಸ ಕೊಡುವ ಬ್ಯಾಂಕುಗಳು. ವಿಶ್ವನಾಥ್ ಕೂಡ ಸ್ಟೇಟ್ ಬ್ಯಾಂಕಿನ ನೌಕರರೇ.

ಹರಾಜಿನ ಗಂಟೆ

ಈಗ ಮತ್ತೆ 2008ಕ್ಕೆ ಬರೋಣ. ಫೆಬ್ರವರಿ 20ರಂದು ಮುಂಬಯಿಯ ಹೋಟೆಲೊಂದರಲ್ಲಿ ಮೊದಲ ಹರಾಜು ನಡೆಯಿತು. ಪ್ರತಿ ತಂಡ ಖರ್ಚು ಮಾಡಬಹುದಾಗಿದ್ದದ್ದು 50 ಲಕ್ಷ ಡಾಲರ್. ಧೋನಿ 15 ಲಕ್ಷ ಡಾಲರಿಗೆ ಚೆನ್ನೈಗೆ ಹೋದರು. ರಾಜಸ್ಥಾನ ಶೇನ್ ವಾರ್ನ್ ಅವರನ್ನು 4.5 ಲಕ್ಷಕ್ಕೆ ಕೊಂಡು, ನಾಯಕತ್ವವನ್ನೂ ತರಬೇತಿಯನ್ನೂ ಅವರ ಕೈಗೇ ಕೊಟ್ಟಿತು. ಗೋವಾದ ಸ್ವಪ್ನಿಲ್ ಅಸ್ನೋಡ್ಕರ್, ಬರೋಡಾದ ಯೂಸುಫ್ ಪಠಾಣ್, ಸೌರಾಷ್ಟ್ರದ ಹತ್ತೊಂಬತ್ತರ ರವೀಂದ್ರ ಜಡೇಜ, ಇಂಥ ಹುಡುಗರು ಸೇರಿದರು. ನೆರೂಳಿನ ಅಂತಿಮ ಪಂದ್ಯದಲ್ಲಿ ಪಂದ್ಯಶ್ರೇಷ್ಠರಾದದ್ದು ಯೂಸುಫ್ ಪಠಾಣ್.

ಆ ಹುಡುಗರಲ್ಲಿ ಜಡೇಜ ಅವರಿಗೆ ಮುಂದೆ ಏನಾಯಿತು ನೋಡಿ. ರಾಜಸ್ಥಾನದ ಜೊತೆಗಿನ ಒಪ್ಪಂದ ನವೀಕರಿಸದೆ ಬೇರೆ ತಂಡದ ಜೊತೆ ನೇರವಾಗಿ ಮಾತುಕತೆ ನಡೆಸಿದರೆಂದು 2010ರ ಇಡೀ ಐಪಿಎಲ್‌ನಿಂದ ಅವರನ್ನು ನಿಷೇಧಿಸಲಾಯಿತು. ಇಪ್ಪತ್ತೊಂದರ ಹುಡುಗ ಮಾಡಿದ್ದು ದೋಸೆ ಭಟ್ಟರು ಮಾಡುವಂಥದ್ದೇ, ಬೇರೆಡೆ ಎಷ್ಟು ಕೊಡುತ್ತಾರೆಂದು ಕೇಳಿದ್ದು. ಅವರ ನಿಜವಾದ ಬೆಲೆ ಎಷ್ಟಿತ್ತೆಂದು ಎರಡೇ ವರ್ಷದಲ್ಲಿ ಗೊತ್ತಾಯಿತು. 2012ರ ಹರಾಜಿನಲ್ಲಿ ಚೆನ್ನೈ ಅವರಿಗೆ 20 ಲಕ್ಷ ಡಾಲರ್ ಕೊಟ್ಟಿತು.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಮನೀಶ್ ಪಾಂಡೆ. 2009ರ ಮೇ ತಿಂಗಳಲ್ಲಿ ಸೆಂಚುರಿಯನ್‌ನಲ್ಲಿ ಬೆಂಗಳೂರಿಗಾಗಿ ಅಜೇಯ 114 ಹೊಡೆದು, ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯರಾದರು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಆದರೆ ಭಾರತ ತಂಡಕ್ಕೆ ಆಡಿರದ ದೇಶೀ ಆಟಗಾರರಿಗೆ 2011ರಲ್ಲಿ ಹರಾಜಿನ ಬಾಗಿಲು ಮುಚ್ಚಿತ್ತು. ಅವರಿಗೆ 10, 20, 30 ಲಕ್ಷ ರೂಪಾಯಿಯ ಮೂರು ನಿಗದಿತ ದರಗಳು, ಅಷ್ಟೇ. ಆ ವರ್ಷ ಪಾಂಡೆ ಪುಣೆ ತಂಡ ಸೇರುವ ಹೊತ್ತಿಗೆ ನೇಮಕದ ನಿಯಮಗಳನ್ನು ಮೀರಿದರೆಂದು ನಾಲ್ಕು ಪಂದ್ಯಗಳ ನಿಷೇಧ ಬಿತ್ತು. ಅದೇ ಹರಾಜಿನಲ್ಲಿ ದೊಡ್ಡ ಹೆಸರಿನವರಿಗೆ ಕೋಟಿಗಳು ಹರಿಯುತ್ತಿದ್ದವು. ಇಂಥ ಆಟಗಾರರಿಗೆ ಹರಾಜು ತೆರೆದದ್ದು 2014ರಲ್ಲಿ.

ಇಷ್ಟೆಲ್ಲ ಬಿಗಿ ಮಾಡಿದ್ದಕ್ಕೆ ಪೈಪೋಟಿ ಸಮವಾಯಿತೇ? 2008ರಿಂದ 2025ರವರೆಗಿನ ಹದಿನೆಂಟು ಐಪಿಎಲ್‌ಗಳಲ್ಲಿ ಮುಂಬಯಿ ಐದು, ಚೆನ್ನೈ ಐದು, ಕೋಲ್ಕತಾ ಮೂರು ಗೆದ್ದಿವೆ. ಮೂರು ತಂಡಗಳಿಗೆ ಹದಿಮೂರು. ಉಳಿದ ಎಲ್ಲರಿಗೂ ಸೇರಿ ಐದು. ಎಲ್ಲರ ಖರ್ಚಿನ ಮಿತಿ ಒಂದೇ, ಟಿ.ವಿ. ಹಣದಲ್ಲೂ ಎಲ್ಲರಿಗೆ ಪಾಲು, ಆದರೂ ಹೀಗೆ.

ಕಾರಣಗಳಲ್ಲಿ ಒಂದು 2011ರಲ್ಲಿದೆ. ಆ ವರ್ಷದ ದೊಡ್ಡ ಹರಾಜಿಗೆ ಮೊದಲು ಪ್ರತಿ ತಂಡ ನಾಲ್ವರನ್ನು ಉಳಿಸಿಕೊಳ್ಳಬಹುದಿತ್ತು. ಚೆನ್ನೈ ಧೋನಿ, ರೈನಾ, ಮುರಳಿ ವಿಜಯ್, ಆಲ್ಬಿ ಮಾರ್ಕೆಲ್ ನಾಲ್ವರನ್ನೂ ಉಳಿಸಿಕೊಂಡಿತು. ಮುಂಬಯಿ ತೆಂಡೂಲ್ಕರ್, ಹರ್ಭಜನ್, ಪೊಲಾರ್ಡ್, ಮಾಲಿಂಗ ನಾಲ್ವರನ್ನೂ. ರಾಜಸ್ಥಾನ ಇಬ್ಬರನ್ನು, ಬೆಂಗಳೂರು ಕೊಹ್ಲಿ ಒಬ್ಬರನ್ನು. ಉಳಿಸಿಕೊಂಡವರ ಬೆಲೆ ಹರಾಜಿನ ಕೂಗಿಗೆ ಬಿಡುವಂಥದ್ದಲ್ಲ, ನಿಯಮದಲ್ಲಿ ನಿಗದಿಯಾದದ್ದು. ಹರಾಜಿನಲ್ಲಿ ಹೆಚ್ಚು ಬೆಲೆ ಬಾಳಬಹುದಾದವನು ನಿಗದಿತ ದರಕ್ಕೆ ಕೈಯಲ್ಲಿ ಉಳಿದರೆ ತಂಡಕ್ಕೆ ಅಷ್ಟು ಲಾಭ. ಗಟ್ಟಿ ಗುಂಪಿದ್ದವರಿಗೆ ಗುಂಪು ಕೈಬಿಡಲಿಲ್ಲ, ಇಲ್ಲದವರು ಹೊಸದಾಗಿ ಶುರುಮಾಡಿದರು. ಇನ್ನೊಂದು ಕಾರಣ ಪ್ರತಿಭೆ ಹುಡುಕುವ ಕಣ್ಣು. ನವಿ ಮುಂಬಯಿಯ ಘನ್ಸೋಲಿಯಲ್ಲಿ ಸ್ವಂತ ಅಭ್ಯಾಸದ ಮೈದಾನವಿರುವ ಮುಂಬಯಿ ತಂಡ, ಬೂಮ್ರಾ ಅವರನ್ನು ಭಾರತಕ್ಕೆ ಆಡುವ ಮೂರು ವರ್ಷ ಮೊದಲೇ ಕಣಕ್ಕಿಳಿಸಿತ್ತು. ಹಣಕ್ಕೆ ಮಿತಿ ಹಾಕಿದಾಗ ಮಿತಿಯ ಲೆಕ್ಕಕ್ಕೆ ಸಿಗದ ಕಡೆ ಪೈಪೋಟಿ ಹೊರಳಿತು.

ತಾರೆಗಳನ್ನು ಕೂಡಿಹಾಕಿದರೆ ಕಪ್ ಬರುತ್ತದೆಂಬ ನಂಬಿಕೆಯೂ ಸುಳ್ಳಾಯಿತು. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಇದ್ದ ಬೆಂಗಳೂರಿನ ಅಭಿಮಾನಿಗಳು ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷವೂ ಕೂಗಿ, ಅದು ನಿಜವಾದದ್ದು ಹದಿನೆಂಟನೆಯ ಸಲ, 2025ರ ಜೂನ್ 3ರಂದು. ಗುಜರಾತಿಗೆ ಕಪ್ ಗೆದ್ದುಕೊಟ್ಟಿದ್ದ ಹಾರ್ದಿಕ್ ಪಾಂಡ್ಯ ಅವರನ್ನು ವಾಪಸ್ ತಂದು ನಾಯಕರನ್ನಾಗಿ ಮಾಡಿದ ಮುಂಬಯಿ 2024ರಲ್ಲಿ ಹತ್ತರಲ್ಲಿ ಹತ್ತನೆಯದಾಯಿತು.

ಎಲ್ಲರೂ ಒಂದೇ ದಿನ ಸಂತೆಗೆ

ಬೇಸ್‌ಬಾಲ್ ಕಥೆಯಲ್ಲಿ ಇನ್ನೊಂದು ಪಾತ್ರವಿದೆ, ಓಕ್ಲೆಂಡ್ ತಂಡದ ಒಡೆಯ ಚಾರ್ಲಿ ಫಿನ್ಲೆ. 1975ರ ತೀರ್ಪಿನ ನಂತರ ಉಳಿದ ಒಡೆಯರು ತಲೆಯ ಮೇಲೆ ಕೈಹೊತ್ತಾಗ ಆತ ಕೊಟ್ಟ ಸಲಹೆ: ಪ್ರತಿ ವರ್ಷ ಎಲ್ಲ ಆಟಗಾರರನ್ನೂ ಒಟ್ಟಿಗೇ ಸ್ವತಂತ್ರಗೊಳಿಸಿಬಿಡಿ. ಕೇಳಲು ಉದಾರ. ಆದರೆ ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್ ಹೆದರಿದ್ದು ಇದಕ್ಕೇ. ಸಂತೆಗೆ ಒಂದೇ ದಿನ ಊರಿನ ಟೊಮೆಟೊ ಎಲ್ಲ ಬಂದರೆ ಬೆಲೆ ಏನಾಗುತ್ತದೆಂದು ಕೋಲಾರದ ಯಾವ ರೈತನೂ ಹೇಳಿಯಾನು. ಒಡೆಯರು ಫಿನ್ಲೆಯ ಮಾತು ಕೇಳಲಿಲ್ಲ. ಆಟಗಾರರು ಕೆಲವು ವರ್ಷ ಆಡಿದ ಮೇಲೆ, ವರ್ಷಕ್ಕೆ ಸ್ವಲ್ಪ ಮಂದಿಯಂತೆ ಸ್ವತಂತ್ರರಾಗುವ ಕ್ರಮ ಬಂತು. 1976ರಲ್ಲಿ ಸುಮಾರು 51 ಸಾವಿರ ಡಾಲರ್ ಇದ್ದ ಸರಾಸರಿ ಸಂಬಳ 1990ರ ಹೊತ್ತಿಗೆ ಐದು ಲಕ್ಷ ದಾಟಿತ್ತು. ನಡುವೆ ಒಡೆಯರು ಯಾರೂ ಸ್ವತಂತ್ರ ಆಟಗಾರರಿಗೆ ಬೆಲೆ ಕೂಗದಂತೆ ಒಳಗೊಳಗೇ ಕೂಡಿಕೊಂಡಿದ್ದಕ್ಕೆ 28 ಕೋಟಿ ಡಾಲರ್ ಪರಿಹಾರ ಕಟ್ಟಬೇಕಾಯಿತು.

ಫಿನ್ಲೆಯ ಕನಸಿಗೆ ಹತ್ತಿರದ್ದು ನಮ್ಮಲ್ಲಿ ನಡೆಯುತ್ತದೆ. 2024ರ ನವೆಂಬರಿನಲ್ಲಿ ಜೆದ್ದಾದಲ್ಲಿ ನಡೆದ ಐಪಿಎಲ್ ದೊಡ್ಡ ಹರಾಜಿನ ಪಟ್ಟಿಯಲ್ಲಿ 570ಕ್ಕೂ ಹೆಚ್ಚು ಹೆಸರುಗಳಿದ್ದವು, ಮಾರಾಟವಾದದ್ದು 182. ರಿಷಭ್ ಪಂತ್ ಅವರಿಗೆ 27 ಕೋಟಿ ರೂಪಾಯಿ ಸಿಕ್ಕಿತು. ಕರ್ನಾಟಕದ ಮಯಂಕ್ ಅಗರ್ವಾಲ್ ಅವರನ್ನು ಯಾರೂ ಕೊಳ್ಳಲಿಲ್ಲ. ನಡುವೆ ದೇವದತ್ತ ಪಡಿಕ್ಕಲ್ ಗಾಯಗೊಂಡಾಗ ಬೆಂಗಳೂರು ಮಯಂಕ್‌ರನ್ನು ಕರೆಸಿಕೊಂಡಿತು, ಅವರು ಗೆದ್ದ ಆ ಅಂತಿಮ ಪಂದ್ಯದಲ್ಲೂ ಆಡಿದರು. ಯಾರಿಗೂ ಬೇಡವಾದವರು ಕಪ್ ಗೆದ್ದ ಹನ್ನೊಂದರಲ್ಲಿದ್ದರೆಂದರೆ ಆ ಎರಡು ದಿನದ ಸಂತೆ ಬೆಲೆ ಕಟ್ಟುವುದರಲ್ಲಿ ಎಷ್ಟು ನಿಖರ ಎಂದು ನೀವೇ ಯೋಚಿಸಿ.

ಈ ಸಂತೆಯನ್ನು ಆದಿಯಿಂದ ಕಂಡವರು ಅಜಿಂಕ್ಯ ರಹಾನೆ, ಡೊಂಬಿವಲಿಯ ಹುಡುಗ. ತಮ್ಮನನ್ನು ಎತ್ತಿಕೊಂಡು, ಕಿಟ್ ಚೀಲ ಹೊತ್ತು, ರಿಕ್ಷಾಕ್ಕೆ ದುಡ್ಡಿಲ್ಲದೆ ತಾಯಿ ತನ್ನನ್ನು ಮೈದಾನಕ್ಕೆ ನಡೆಸಿಕೊಂಡು ಹೋಗುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಮುಂಬಯಿಯಿಂದ ಶುರುವಾಗಿ 2011ರಲ್ಲಿ ರಾಜಸ್ಥಾನಕ್ಕೆ ಹೋದರು. 2012ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಮ್ಮ ಅರವಿಂದ್ ಅವರ ಒಂದೇ ಓವರಿನಲ್ಲಿ ಆರು ಬೌಂಡರಿ ಹೊಡೆದದ್ದು ನಮಗಿನ್ನೂ ನೆನಪಿದೆ. ಆ ತಂಡ ಎರಡು ವರ್ಷ ಅಮಾನತಾದಾಗ ಪುಣೆಗೆ, ಮತ್ತೆ ರಾಜಸ್ಥಾನಕ್ಕೆ, 2019ರಲ್ಲಿ ದೆಹಲಿಗೆ, 2022ರಲ್ಲಿ ಕೋಲ್ಕತಾಕ್ಕೆ. 2023ರಲ್ಲಿ ಚೆನ್ನೈ ಅವರನ್ನು 50 ಲಕ್ಷದ ಮೂಲ ಬೆಲೆಗೆ ಕೊಂಡು ಕಪ್ ಗೆದ್ದಿತು. ಜೆದ್ದಾದಲ್ಲಿ ಮೊದಲ ಸುತ್ತಿನಲ್ಲಿ ಯಾರೂ ಕೈ ಎತ್ತದೆ, ಆಮೇಲೆ ಒಂದೂವರೆ ಕೋಟಿಯ ಮೂಲ ಬೆಲೆಗೆ ಕೋಲ್ಕತಾ ಕೊಂಡಿತು. ಕೊಂಡು ನಾಯಕರನ್ನಾಗಿ ಮಾಡಿತು. ಹಣ ಬಂತು, ಹೆಸರು ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹರಾಜಿಗೆ ಹೋದಾಗಲೆಲ್ಲ ಊರನ್ನು ಆರಿಸಿದ್ದು ಕೂಗಿದ ಬೆಲೆಯೇ ಹೊರತು ಆತನಲ್ಲ.

ಇನ್ನೊಂದು ಬಗೆಯ ಬಾಗಿಲು

ಇಷ್ಟರ ನಡುವೆ, ಕ್ಯಾಮೆರಾಗಳ ಗದ್ದಲವಿಲ್ಲದ ರಣಜಿಯಲ್ಲಿ, ಫ್ರೀ ಏಜೆನ್ಸಿಗೆ ಹತ್ತಿರದ ವ್ಯವಸ್ಥೆಯೊಂದು ಬೆಳೆದಿದೆ. ತನ್ನ ರಾಜ್ಯ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ಆಟಗಾರ ಇನ್ನೊಂದು ರಾಜ್ಯಕ್ಕೆ ವೃತ್ತಿಪರನಾಗಿ ಹೋಗಬಹುದು. ಅಲ್ಲಿ ಹರಾಜಿಲ್ಲ, ಆತನೂ ಆ ರಾಜ್ಯವೂ ಕೂತು ಮಾತಾಡಿಕೊಳ್ಳುತ್ತಾರೆ. ಅರವತ್ತರ ದಶಕದಲ್ಲಿ ಏಳು ಸಲ ಸೋತಿದ್ದ ರಾಜಸ್ಥಾನ 2010-11ರಲ್ಲಿ ಹೃಷಿಕೇಶ್ ಕಾನಿಟ್ಕರ್, ಆಕಾಶ್ ಚೋಪ್ರಾ ಅವರಂಥ ಹೊರಗಿನವರನ್ನು ಸೇರಿಸಿಕೊಂಡು ಕೊನೆಗೂ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ಮುಂಬಯಿಯ ವಾಸಿಂ ಜಾಫರ್ ವಿದರ್ಭಕ್ಕೆ ಹೋದರು, ಮುಂಬಯಿಯ ಚಂದ್ರಕಾಂತ್ ಪಂಡಿತ್ ಅಲ್ಲಿ ತರಬೇತುದಾರರಾದರು, ಕರ್ನಾಟಕದ ಗಣೇಶ್ ಸತೀಶ್ ಕೂಡ ಅಲ್ಲಿದ್ದರು. 2017-18ರ ಸೆಮಿಫೈನಲ್‌ನಲ್ಲಿ ವಿದರ್ಭ ಕರ್ನಾಟಕವನ್ನು ಐದು ರನ್‌ಗಳಿಂದ ಸೋಲಿಸಿ ಮೊದಲ ಸಲ ಚಾಂಪಿಯನ್ ಆಯಿತು.

2016-17ರಿಂದ 2024-25ರವರೆಗೆ ನಡೆದ ಎಂಟು ರಣಜಿಗಳನ್ನು ಗೆದ್ದದ್ದು ಗುಜರಾತ್, ವಿದರ್ಭ, ಸೌರಾಷ್ಟ್ರ, ಮಧ್ಯಪ್ರದೇಶ, ಮುಂಬಯಿ. ಈ ಐದರಲ್ಲಿ ನಾಲ್ಕಕ್ಕೆ ಆ ಹೆಸರಿನಲ್ಲಿ ಅದೇ ಮೊದಲ ಪ್ರಶಸ್ತಿಯ ಕಾಲ. ಹದಿನೈದು ವರ್ಷ ಒಂದೇ ತಂಡ ಗೆದ್ದ ಟೂರ್ನಿ ಇದೇ ಎಂದರೆ ನಂಬುವುದು ಕಷ್ಟ. ಆಟಗಾರರ ಚಲನೆಯೊಂದೇ ಇದಕ್ಕೆ ಕಾರಣವಲ್ಲ. ಕ್ರಿಕೆಟ್ ಮಂಡಳಿಯ ಟಿ.ವಿ. ಹಣ ಎಲ್ಲ ರಾಜ್ಯ ಸಂಸ್ಥೆಗಳಿಗೂ ಹಂಚಿಕೆಯಾಯಿತು. ನಾಗಪುರದಲ್ಲೂ ರಾಜಕೋಟೆಯಲ್ಲೂ ಒಳ್ಳೆಯ ಮೈದಾನ, ಅಕಾಡೆಮಿ, ತರಬೇತುದಾರರು ಬಂದರು. 1960ರ ದಶಕದ ರಾಜಸ್ಥಾನಕ್ಕೆ ಇಲ್ಲದಿದ್ದ ಏಣಿ ಇವರಿಗೆ ಸಿಕ್ಕಿತು. ಏಣಿ ಸಿದ್ಧವಿದ್ದ ಕಡೆ ಹೊರಗಿನಿಂದ ಬಂದ ಒಬ್ಬಿಬ್ಬರು ಅನುಭವಿಗಳು ಉಳಿದವರ ಕೈಹಿಡಿದು ಮೇಲೆ ಹತ್ತಿಸಿದರು.

ಇದರ ಮಾನವ ಮುಖ ಕರುಣ್ ನಾಯರ್. ಟೆಸ್ಟಿನಲ್ಲಿ ತ್ರಿಶತಕ ಹೊಡೆದ ಆಟಗಾರನಿಗೆ ಕರ್ನಾಟಕ ತಂಡದಲ್ಲೇ ಜಾಗ ಸಿಗದಾದಾಗ 2023ರಲ್ಲಿ ವಿದರ್ಭಕ್ಕೆ ಹೋದರು. 2024ರ ಮಾರ್ಚಿನಲ್ಲಿ ವಾಂಖೆಡೆಯ ಅಂತಿಮ ಪಂದ್ಯದಲ್ಲಿ ವಿದರ್ಭವನ್ನು ಸೋಲಿಸಿ ಮುಂಬಯಿ ತನ್ನ 42ನೆಯ ರಣಜಿ ಎತ್ತಿತು. ಆ ಮುಂಬಯಿಯ ನಾಯಕ ಡೊಂಬಿವಲಿಯ ರಹಾನೆ. ಮರುವರ್ಷ ವಿದರ್ಭ ಸೆಮಿಫೈನಲ್‌ನಲ್ಲಿ ಮುಂಬಯಿಯನ್ನು ಸೋಲಿಸಿತು, ಕೇರಳದ ಎದುರಿನ ಅಂತಿಮ ಪಂದ್ಯದಲ್ಲಿ ಕರುಣ್ 86 ಮತ್ತು 135 ಹೊಡೆದರು, ಕಪ್ ನಾಗಪುರದಲ್ಲೇ ಉಳಿಯಿತು. ಅದೇ ವರ್ಷ ಅವರು ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ನಿಂತಲ್ಲೇ ಕಟ್ಟಿಹಾಕಿದ್ದರೆ ಆ ಬದುಕು ಮುಗಿದುಹೋಗುತ್ತಿತ್ತು, ರಣಜಿಗೂ ಒಬ್ಬ ಒಳ್ಳೆಯ ಆಟಗಾರ ಕಡಿಮೆಯಾಗುತ್ತಿದ್ದ.

ಮುಕ್ತ ಚಲನೆಯೊಂದಿದ್ದರೆ ಎಲ್ಲ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಬೇಸ್‌ಬಾಲಿನಲ್ಲೇ ಆ ಹತ್ತು ವರ್ಷಗಳ ಸಮಾನತೆ ಹಾಗೇ ಉಳಿಯಲಿಲ್ಲ. ಸ್ಥಳೀಯ ಟಿ.ವಿ. ಹಣ ದೊಡ್ಡ ಊರುಗಳ ತಂಡಗಳಿಗೆ ಹರಿದಂತೆ ಯಾಂಕೀಸ್ 1998ರಿಂದ ಮೂರು ವರ್ಷ ಸತತ ಗೆದ್ದಿತು. ಶೋಹೆ ಒಹ್ತಾನಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಿದ ಲಾಸ್ ಏಂಜಲೀಸ್ ಡಾಜರ್ಸ್ 2024, 2025 ಎರಡೂ ವರ್ಷ ಗೆದ್ದಿದೆ. 2002ರಲ್ಲಿ ಸುಮಾರು 4 ಕೋಟಿ ಡಾಲರ್ ಸಂಬಳದ ಓಕ್ಲೆಂಡ್, ಅದರ ಮೂರುಪಟ್ಟು ಕೊಡುತ್ತಿದ್ದ ಯಾಂಕೀಸ್‌ನಷ್ಟೇ, 103 ಪಂದ್ಯ ಗೆದ್ದದ್ದೂ ಇದೆ. ಆದರೆ ಅಂಥ ಜಾಣತನ ಪ್ರತಿ ವರ್ಷ ಕೈಕೊಡದೆ ನಡೆಯುವುದಿಲ್ಲ. ತಂಡಗಳ ಆದಾಯ ಆಕಾಶ-ಭೂಮಿಯಷ್ಟು ಬೇರೆಯಾದಾಗ ಆಟವೂ ವಾಲುತ್ತದೆ. ಅದಕ್ಕೆ ಮದ್ದು ಆದಾಯವನ್ನು ಹಂಚಿಕೊಳ್ಳುವುದರಲ್ಲಿದೆ, ಏಣಿಗಳನ್ನು ಎಲ್ಲ ಊರುಗಳಲ್ಲೂ ಕಟ್ಟುವುದರಲ್ಲಿದೆ. ಆಟಗಾರನ ಕೈ ಕಟ್ಟುವುದು ಆ ಮದ್ದಿನ ಹೆಸರಲ್ಲಿ ಮಾರುವ ಬೇರೆಯೇ ಸರಕು.

ಹಾಗಾಗಿ ನೆರೂಳಿನ ಆ ರಾತ್ರಿಯನ್ನು ಈಗ ಬೇರೆ ರೀತಿ ನೋಡಬೇಕು ಅನ್ನಿಸುತ್ತದೆ. ರಾಜಸ್ಥಾನ ಗೆದ್ದದ್ದು ಒಬ್ಬ ಹಳೆಯ ಲೆಗ್‌ಸ್ಪಿನ್ನರ್ ಹುಡುಗರ ಬೆಲೆಪಟ್ಟಿ ನೋಡದೆ ಅವರ ಆಟ ನೋಡಿದ್ದರಿಂದ. ಆ ಹುಡುಗರಲ್ಲೊಬ್ಬ ಎರಡೇ ವರ್ಷದಲ್ಲಿ ತನ್ನ ಬೆಲೆ ತಾನೇ ವಿಚಾರಿಸಿದ್ದಕ್ಕೆ ಮನೆಯಲ್ಲಿ ಕೂರಬೇಕಾಯಿತು. ಅದೇ ಜಡೇಜ 2025ರ ನವೆಂಬರಿನಲ್ಲಿ, ಸಂಜು ಸ್ಯಾಮ್ಸನ್ ಚೆನ್ನೈಗೆ ಹೋದ ವಿನಿಮಯದಲ್ಲಿ, ಮತ್ತೆ ರಾಜಸ್ಥಾನಕ್ಕೆ ಬಂದಿದ್ದಾರೆ. ಈಗ ಇಂಥ ವಿನಿಮಯಕ್ಕೆ ಆಟಗಾರನ ಒಪ್ಪಿಗೆ ಬೇಕು. ಕರ್ಟ್ ಫ್ಲಡ್ ಕೇಳಿದ್ದರಲ್ಲಿ ಅಷ್ಟಾದರೂ ಇಲ್ಲಿಗೆ ತಲುಪಿದೆ.

ಬೆಳಗ್ಗೆ ಡೊಂಬಿವಲಿಯಿಂದಲೋ ಕಲ್ಯಾಣದಿಂದಲೋ ಹೊರಡುವ ಲೋಕಲ್ಲಿನಲ್ಲಿ ಕಿಟ್ ಚೀಲವನ್ನು ಕಾಲ ಸಂದಿಯಲ್ಲಿಟ್ಟು ನಿಂತ ಹುಡುಗನನ್ನು ನೀವೂ ನೋಡಿರುತ್ತೀರಿ. ಅದೇ ಡಬ್ಬಿಯಲ್ಲಿ ಹೊಸ ಕೆಲಸದ ಸಂದರ್ಶನಕ್ಕೆ ಹೊರಟವರು ಹತ್ತು ಮಂದಿ ಇರುತ್ತಾರೆ. ಅವರಿಗಿರುವ ಹಕ್ಕು ಆ ಹುಡುಗನಿಗೂ ಇದ್ದರೆ ಆಟ ಹಾಳಾಗುವುದಿಲ್ಲ ಎಂದು ಹೇಳುವುದಕ್ಕೆ ನಮ್ಮಲ್ಲಿ ಈಗ ಸಾಕಷ್ಟು ಚರಿತ್ರೆ ಇದೆ.